ಗೊಂಬೆ ಹೊಟ್ಟೆಯ ಬಿಲ್ಲೆ

ಕರೆದರೆ ತಿರುಗುವ, ಚಪ್ಪಾಳೆಗೆ ಕುಣಿಯುವ ರೋಬೋ ಗೊಂಬೆ ಮಕ್ಕಳ ಹೊಸ ಗೀಳು. 2008ರ ಕಾರ್ಟೂನ್ ಚಿತ್ರ ‘ವಾಲ್-ಈ’ಯ ಕಸ ಬಾಚುವ ರೋಬೋ ಕೂಡ ಆಟಿಕೆಯಾಗಿ ಮಾರುಕಟ್ಟೆಗೆ ಬಂತು. ಅಂಥವುಗಳ ಅಗ್ಗದ ನಕಲು ಕೋಲಾರ, ಮಾಲೂರು ಬಸ್ ಸ್ಟ್ಯಾಂಡಿಗೆ, ಮುಳಬಾಗಿಲಿನ ಆವಣಿ ಜಾತ್ರೆಗೆ ಬರಲು ಎಷ್ಟು ಹೊತ್ತು?

ಮಕ್ಕಳು ಆಡಲಿ, ಬೇಡ ಅನ್ನೋರು ಯಾರು? ಆದರೆ ಗೊಂಬೆ ಹೊಟ್ಟೆಯಲ್ಲಿನ ಬಿಲ್ಲೆ ಸೆಲ್ಲನ್ನು ಮಗು ನುಂಗಿ ಅದು ಗಂಟಲಲ್ಲಿ ಸಿಕ್ಕಿಕೊಂಡರೆ, ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟೀತು. ಮಕ್ಕಳ ಸುರಕ್ಷತೆಗೆಂದೇ 2021ರ ಜನವರಿ 1ರಿಂದ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ.

ವ್ಯಾಪಾರಿ ಬಂಧುಗಳೇ, ಈ ಕಾನೂನು ತಯಾರಿಸಿದವನಿಗಷ್ಟೇ ಅಲ್ಲ, ಮಾರುವವನಿಗೂ ಅನ್ವಯ. ‘ನಂಗೇನ್ ಗೊತ್ತು ಸ್ವಾಮಿ’ ಅಂದರೆ ನಡೆಯೋದಿಲ್ಲ. ಸಗಟು ಅಂಗಡಿಯಲ್ಲೇ ಗುರುತು ನೋಡಿ, ಬಿಲ್ ಕೇಳಿ ಪಡೆಯಿರಿ. ಅಧಿಕಾರಿಗಳೂ ಅಷ್ಟೆ, ಶ್ರೀನಿವಾಸಪುರದ ಪುಟ್ಟ ಅಂಗಡಿಯವನನ್ನು ಹಿಡಿಯುವ ಮೊದಲು ಸರಕು ಬರುವ ದೊಡ್ಡ ಗೋದಾಮುಗಳ ಬೀಗ ತೆಗೆಸಲಿ.

ಇನ್ನು ಪ್ರಯಾಣಿಕರಿಗೆ ಒಂದು ಮಾತು. ಬಸ್ಸು ಹೊರಡುವ ಆತುರದಲ್ಲಿ ಕಾಸು ಎಣಿಸುವ ಮುನ್ನ ಗೊಂಬೆಯನ್ನೊಮ್ಮೆ ಮಗುಚಿ ನೋಡಿ. ಸೆಲ್ ಮುಚ್ಚಳಕ್ಕೆ ಸ್ಕ್ರೂ ಇಲ್ಲವೇ? ಹಾಗೇ ಹಿಂದಕ್ಕೆ ಕೊಡಿ. ಮಗು ಅತ್ತರೆ ಅಳಲಿ, ಆಸ್ಪತ್ರೆಯಲ್ಲಿ ನಾವು ಅಳುವುದಕ್ಕಿಂತ ಅದು ಮೇಲು.