ಸೌಜನ್ಯದ ಕಾರೋ, ಕ್ರಯದ ಕಾರೋ?

ಬ್ರಿಟನ್ನಿನ ಮೋಟಾರು ವಿಮೆಯ ವ್ಯವಹಾರದಲ್ಲಿ ‘ಕರ್ಟಸಿ ಕಾರು’ ಎಂಬ ಮಾತೊಂದು ರೂಢಿಯಲ್ಲಿದೆ. ಅಪಘಾತಕ್ಕೆ ಸಿಕ್ಕಿದ ಕಾರು ದುರಸ್ತಿಯಾಗಿ ಬರುವವರೆಗೆ ಅದರ ಒಡೆಯನ ಉಪಯೋಗಕ್ಕೆಂದು ವಿಮಾ ಕಂಪೆನಿಯು ತಾನು ಒಪ್ಪಿದ ಕಾರ್ಖಾನೆಯ ಮೂಲಕ ಕೊಡಿಸುವ ಬದಲಿ ಕಾರಿಗೆ ಈ ಹೆಸರು. ಸೌಜನ್ಯವೆಂಬುದು ಕೊಡುವವನ ಮನಸ್ಸಿಗೆ ಬಿಟ್ಟ ವಿಷಯ. ಕೊಟ್ಟರೆ ವಂದಿಸಬೇಕು, ಕೊಡದಿದ್ದರೆ ದೂರುವಂತಿಲ್ಲ. ಆದರೆ ಈ ಕಾರು ಪುಕ್ಕಟೆಯಾಗಿ ಬರುವುದಲ್ಲವಷ್ಟೆ. ಪಾಲಿಸಿದಾರನು ವರ್ಷವರ್ಷವೂ ತೆರುವ ಪ್ರೀಮಿಯಮ್ಮಿನಲ್ಲಿ ಅದರ ವೆಚ್ಚವೂ ಅಡಗಿರುತ್ತದೆ. ಹಣ ಪಡೆದು ಕೊಡುವ ಪದಾರ್ಥಕ್ಕೆ ಸೌಜನ್ಯವೆಂದು ಹೆಸರಿಟ್ಟುದರಿಂದ ಆಗುವ ಕೇಡೇನೆಂಬುದು ಪಾಲಿಸಿದಾರನು ಒಂದು ಕಂಪೆನಿಯನ್ನು ಬಿಟ್ಟು ಮತ್ತೊಂದನ್ನು ಸೇರುವ ಸಂಧಿಕಾಲದಲ್ಲಿ ಚೆನ್ನಾಗಿ ತಿಳಿದುಬರುತ್ತದೆ. ವೈದ್ಯರಾಗಿ, ಎಂಜಿನಿಯರುಗಳಾಗಿ ಆ ದೇಶದಲ್ಲಿ ನೆಲೆಸಿರುವ ಕನ್ನಡಿಗರು ಅನೇಕರಿರುವುದರಿಂದಲೂ, ನಮ್ಮ ಮೋಟಾರು ಕಾಯಿದೆಗೂ ಅಲ್ಲಿಯ ಕಾಯಿದೆಗೂ ಹಳೆಯ ನಂಟಿರುವುದರಿಂದಲೂ, ಈ ವಿಚಾರವನ್ನು ಇಲ್ಲಿ ಎತ್ತುವುದು ಅಪ್ರಸ್ತುತವಾಗಲಾರದು.

ಬರ್ಮಿಂಗ್‌ಹ್ಯಾಮಿನ ಆಸ್ಪತ್ರೆಯೊಂದರಲ್ಲಿ ಕೆಲಸಮಾಡುವ ನಮ್ಮ ಧಾರವಾಡದ ಕಡೆಯ ವೈದ್ಯರೊಬ್ಬರನ್ನು ಭಾವಿಸಿಕೊಳ್ಳೋಣ. ಅವರ ಪಾಲಿಸಿಯ ಅವಧಿ ಜೂನ್ 30ಕ್ಕೆ ಮುಗಿಯತಕ್ಕದ್ದು. ಜೂನ್ 20ರಂದು ಅಪಘಾತವಾಯಿತು. ಕಾರು ಕಾರ್ಖಾನೆಗೆ ಹೋಯಿತು. ಬದಲಿ ಕಾರು ಬಂದಿತು. ಬಿಡಿಭಾಗ ಬರಲು ತಡವಾಗಿ ದುರಸ್ತಿಯು ಜುಲೈ ತಿಂಗಳಿನೊಳಕ್ಕೆ ಬೆಳೆಯಿತು. ಇಷ್ಟರಲ್ಲಿ ಅವರು ಕಡಮೆ ದರದ ಬೇರೊಂದು ಕಂಪೆನಿಯಲ್ಲಿ ಜುಲೈ 1ರಿಂದ ಹೊಸ ಪಾಲಿಸಿಯನ್ನು ಮಾಡಿಸಿದ್ದಾರೆ. ಜುಲೈ 1ರ ಬೆಳಿಗ್ಗೆ ಆಸ್ಪತ್ರೆಗೆ ಹೊರಟ ಆ ವೈದ್ಯರು ಕುಳಿತಿರುವ ಕಾರಿನ ವಿಮೆಗೆ ಹೊಣೆ ಯಾರು?

ಹಾನಿಯ ವಿಷಯದಲ್ಲಿ ತೊಡಕೇನೂ ಇಲ್ಲ. ಅಪಘಾತ ನಡೆದ ದಿನ ಯಾವ ಪಾಲಿಸಿಯು ಜೀವಂತವಾಗಿತ್ತೋ ಆ ಪಾಲಿಸಿಯ ಕಂಪೆನಿಯೇ ದುರಸ್ತಿಯ ಹಣವನ್ನು ಕೊಡಬೇಕು. ಅವಧಿ ಮುಗಿದರೂ ಆ ಹೊಣೆ ತೀರುವುದಿಲ್ಲ. ಬದಲಿ ಕಾರಿನ ಸ್ಥಿತಿ ಹಾಗಲ್ಲ. ಅದು ರಸ್ತೆಯಲ್ಲಿ ಓಡುವ ವಾಹನವಾದುದರಿಂದ ಅದಕ್ಕೂ ವಿಮೆ ಬೇಕು. ಸಾಮಾನ್ಯವಾಗಿ ಆ ವಿಮೆಯು ಪಾಲಿಸಿದಾರನ ಹಳೆಯ ಪಾಲಿಸಿಯ ನೆರಳಿನಲ್ಲಿಯೇ ನಡೆಯುತ್ತದೆ. ಮೂಲ ಪಾಲಿಸಿಯ ಆಯುಷ್ಯ ತೀರಿದೊಡನೆ ನೆರಳೂ ಹೋಗುತ್ತದೆ; ಕಾರನ್ನು ಹಿಂದಕ್ಕೆ ಕೊಡಿ, ಇಲ್ಲವೆ ವಿಮೆಯನ್ನು ನೀವೇ ಮಾಡಿಸಿಕೊಳ್ಳಿ ಎನ್ನುವ ಕರಾರುಗಳು ಅನೇಕ. ಬ್ರಿಟನ್ನಿನ 1988ರ ರೋಡ್ ಟ್ರಾಫಿಕ್ ಆಕ್ಟಿನ 143ನೆಯ ಸೆಕ್ಷನ್ನಿನಂತೆ ವಿಮೆಯಿಲ್ಲದ ವಾಹನವನ್ನು ನಡೆಸುವುದು ಅಪರಾಧ. ನ್ಯಾಯಾಲಯದವರೆಗೆ ಹೋಗದೆಯೇ 300 ಪೌಂಡು ದಂಡ, ಲೈಸೆನ್ಸಿನ ಮೇಲೆ 6 ಅಂಕಗಳ ಕಳಂಕ. ಪೋಲೀಸರು ವಾಹನವನ್ನು ವಶಪಡಿಸಿಕೊಳ್ಳಲೂಬಹುದು. ನನಗೆ ತಿಳಿಯದೆಂದರೆ ಕಾಯಿದೆ ಕೇಳುವುದಿಲ್ಲ.

ಇನ್ನೊಂದು ವಿನೋದವನ್ನೂ ಗಮನಿಸಬೇಕು. 2011ರಲ್ಲಿ ಜಾರಿಗೆ ಬಂದ ನಿಯಮದಂತೆ, ರಸ್ತೆಯಿಂದ ತೆಗೆದಿರುವುದಾಗಿ ಸರ್ಕಾರಕ್ಕೆ ಬರೆದುಕೊಟ್ಟ ಹೊರತು, ಓಡದೆ ನಿಂತ ಕಾರಿಗೂ ವಿಮೆ ಇರಲೇಬೇಕು. ಹೀಗಾಗಿ ನಮ್ಮ ವೈದ್ಯರು ಚಕ್ರ ಕಳಚಿ ಕಾರ್ಖಾನೆಯಲ್ಲಿ ಕುಳಿತ ತಮ್ಮ ಸ್ವಂತ ಕಾರಿಗೆ ಹೊಸ ಕಂಪೆನಿಗೆ ಪ್ರೀಮಿಯಂ ತೆರುತ್ತಿದ್ದಾರೆ. ತಾವು ನಿಜವಾಗಿ ನಡೆಸುತ್ತಿರುವ ಕಾರಿಗೆ ಮಾತ್ರ ಯಾವ ಕಂಪೆನಿಯ ರಕ್ಷಣೆಯೂ ಇಲ್ಲ! ಎರಡು ಕಂಪೆನಿಗಳಿಗೂ ಹಣ ಸಂದಾಯವಾಗಿದೆ. ನಡುನೀರಿನಲ್ಲಿ ಉಳಿದವನು ಹಣ ಕೊಟ್ಟವನು.

ಹೊಸ ಕಂಪೆನಿಯನ್ನು ಇದಕ್ಕಾಗಿ ನಿಂದಿಸುವುದು ನ್ಯಾಯವಲ್ಲ. ಆ ಅಪಘಾತ ಅದರ ಕಾಲದಲ್ಲಿ ನಡೆದುದಲ್ಲ. ಬದಲಿ ಕಾರು ಅದರದ್ದಲ್ಲ, ಪಾಲಿಸಿದಾರನದ್ದೂ ಅಲ್ಲ. ಕೇಳಿಕೊಂಡರೆ ಕೆಲವು ಕಂಪೆನಿಗಳು ಕೆಲವು ದಿನಗಳ ಮಟ್ಟಿಗೆ ಆ ಕಾರನ್ನು ತಮ್ಮ ಪಾಲಿಸಿಯಲ್ಲಿ ಸೇರಿಸುತ್ತವೆ, ಅದಕ್ಕೆ ಶುಲ್ಕವನ್ನೂ ಪಡೆಯುತ್ತವೆ, ಕೆಲವು ಒಲ್ಲೆವೆನ್ನುತ್ತವೆ. ಹಳೆಯ ಕಂಪೆನಿಯ ನಿಲುವನ್ನಾದರೋ ನಾವು ಒಪ್ಪಲಾರೆವು. ಅಪಘಾತ ಅದರ ಅವಧಿಯದು. ಕಾರ್ಖಾನೆ ಅದು ಆರಿಸಿದ್ದು. ತಡವಾದುದು ಆ ಕಾರ್ಖಾನೆಯಲ್ಲಿ. ಪಾಲಿಸಿದಾರನು ತನಗೆ ಬೇಕಾದ ಕಾರ್ಖಾನೆಗೆ ಹೋಗುತ್ತೇನೆಂದರೆ ಬದಲಿ ಕಾರನ್ನೇ ಕೊಡುವುದಿಲ್ಲವೆಂದು ಕಟ್ಟು ಮಾಡಿದವರು, ಆ ಕಾರ್ಖಾನೆಯ ನಿಧಾನದ ಫಲವನ್ನು ಮಾತ್ರ ಪಾಲಿಸಿದಾರನ ತಲೆಗೆ ಕಟ್ಟುವುದು ಯಾವ ನೀತಿ? ದುರಸ್ತಿಯ ವೆಚ್ಚವನ್ನು ಅವಧಿಯ ಆಚೆಗೂ ಹೊರುವ ಕಂಪೆನಿಯು ಆ ದುರಸ್ತಿಯ ಅಂಗವಾದ ಬದಲಿ ಕಾರಿನ ವಿಮೆಯನ್ನೂ ಕೆಲಸ ಮುಗಿಯುವವರೆಗೆ ಹೊರಬೇಕೆಂಬುದೇ ನಮ್ಮ ಅಭಿಪ್ರಾಯ.

ಹಳೆಯ ಕಂಪೆನಿಯಲ್ಲಿಯೇ ಇನ್ನೊಂದು ವರ್ಷ ಮುಂದುವರಿಯಬಾರದೇ ಎಂದು ಕೇಳುವವರುಂಟು. ಹಾಗೆ ಮುಂದುವರಿದರೆ ಈ ತೊಡಕು ಬರುವುದಿಲ್ಲವೆಂಬುದು ನಿಜ. ಆದರೆ ಅಪಘಾತವಾದ ವರ್ಷವೇ ಕಂಪೆನಿಯು ದರವನ್ನು ಏರಿಸುವ ವರ್ಷ. 2022ರ ಜನವರಿ 1ರಿಂದ ಫೈನಾನ್ಷಿಯಲ್ ಕಂಡಕ್ಟ್ ಅಥಾರಿಟಿಯವರು ಹಳೆಯ ಗಿರಾಕಿಗೆ ನವೀಕರಣದಲ್ಲಿ ಹೊಸ ಗಿರಾಕಿಗಿಂತ ಹೆಚ್ಚು ದರ ಹಾಕಕೂಡದೆಂದು ವಿಧಿಸಿರುವುದು ಸ್ತುತ್ಯವೇ ಸರಿ. ಅಪಘಾತದ ಕಾರಣದಿಂದ ಏರುವ ದರವನ್ನು ಆ ನಿಯಮ ತಡೆಯುವುದಿಲ್ಲ. ಬದಲಿ ಕಾರಿನ ಹಗ್ಗದಿಂದ ಗಿರಾಕಿಯನ್ನು ಕಟ್ಟಿಹಾಕಿಕೊಳ್ಳುವುದಾದರೆ ಕಂಪೆನಿಯನ್ನು ಬದಲಾಯಿಸುವ ಸ್ವಾತಂತ್ರ್ಯವು ಕಾಗದದ ಮೇಲಿನ ಸ್ವಾತಂತ್ರ್ಯವಾಗಿ ಉಳಿಯುವುದು. ಅವಧಿಯ ನಡುವೆಯೇ ಪಾಲಿಸಿಯನ್ನು ರದ್ದುಮಾಡಿ ಹೊರಡುವವರಿಗಂತೂ ಇನ್ನೂ ನಷ್ಟ. ಆ ವರ್ಷದಲ್ಲಿ ಪರಿಹಾರವನ್ನು ಕೇಳಿದ್ದರೆ ಸಾಮಾನ್ಯವಾಗಿ ಪ್ರೀಮಿಯಮ್ಮಿನಲ್ಲಿ ಕಾಸೂ ಹಿಂದಕ್ಕೆ ಬರುವುದಿಲ್ಲ.

ತಪ್ಪು ಎದುರಿನ ಚಾಲಕನದ್ದಾದರೆ ಮಾರ್ಗ ಬೇರೆ. ಆಗ ಬದಲಿ ಕಾರಿನ ಬಾಡಿಗೆಯನ್ನು ಅವನಿಂದ, ಅಂದರೆ ಅವನ ವಿಮಾ ಕಂಪೆನಿಯಿಂದ, ನಷ್ಟಪರಿಹಾರವಾಗಿ ಕೇಳಬಹುದು. ತನ್ನ ಕಂಪೆನಿ ಹಳೆಯದೋ ಹೊಸದೋ ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಸಾಲದ ಮೇಲೆ ಕಾರನ್ನು ಬಾಡಿಗೆಗೆ ಕೊಟ್ಟು ಆಮೇಲೆ ಎದುರಾಳಿಯಿಂದ ವಸೂಲು ಮಾಡುವ ವ್ಯಾಪಾರವು ಬೆಳೆದಿರುವುದು ಈ ಹಕ್ಕಿನ ಆಧಾರದಿಂದಲೇ. ಆದರೆ ಡೈಮಂಡ್ ವಿರುದ್ಧ ಲವೆಲ್ ಮೊಕದ್ದಮೆಯಲ್ಲಿ ಹೌಸ್ ಆಫ್ ಲಾರ್ಡ್ಸ್ 2000ದಲ್ಲಿ ಕೊಟ್ಟ ತೀರ್ಪು ಈ ವ್ಯಾಪಾರದ ದುಬಾರಿ ದರಗಳಿಗೆ ಅಂಕುಶ ಹಾಕಿತು; ಕೈಯಲ್ಲಿ ಹಣವಿಲ್ಲದೆ ಸಾಲದ ಬಾಡಿಗೆಯ ಹೊರತು ಗತಿಯಿಲ್ಲದವನಿಗೆ ಆ ಹೆಚ್ಚಿನ ದರವೂ ಸಲ್ಲಬಹುದೆಂದು 2003ರ ಲ್ಯಾಗ್ಡನ್ ಮೊಕದ್ದಮೆಯಲ್ಲಿ ಅದೇ ಪೀಠ ಹೇಳಿತು. ತಪ್ಪು ಯಾರದೆಂಬುದು ಇತ್ಯರ್ಥವಾಗುವ ಮೊದಲೇ ಇಂಥ ಕಾಗದಕ್ಕೆ ಸಹಿ ಹಾಕುವವರು ಎರಡು ಸಲ ಯೋಚಿಸಬೇಕು.

ಈಗಿನ ಸ್ಥಿತಿಯಲ್ಲಿ ಅಲ್ಲಿಯ ನಮ್ಮವರು ಮಾಡಬೇಕಾದುದೇನು? ಅವಧಿ ಮುಗಿಯುವುದಕ್ಕೆ ವಾರ ಮೊದಲೇ ಹಳೆಯ ಕಂಪೆನಿಗೆ ಬರೆದು, ಬದಲಿ ಕಾರಿನ ವಿಮೆ ಯಾವ ದಿನದವರೆಗೆ ಎಂಬುದನ್ನು ಲಿಖಿತವಾಗಿ ಪಡೆಯಬೇಕು. ಮುಂದುವರಿಸಲಾರೆವೆಂದರೆ, ಆ ಕಾರಿನ ನಂಬರನ್ನು ಹೆಸರಿಸಿ ಹೊಸ ಕಂಪೆನಿಯಿಂದ ಒಪ್ಪಿಗೆಯನ್ನು ತರಿಸಿಕೊಳ್ಳಬೇಕು. ಟೆಲಿಫೋನಿನಲ್ಲಿ ಕೇಳಿದ ಬಾಯಿಮಾತು ಸಾಲದು. ಅಪಘಾತದ ಸಂಗತಿಯನ್ನು ಮುಚ್ಚಿಟ್ಟು ಅಗ್ಗದ ದರವನ್ನು ಪಡೆದರೆ 2012ರ ಗ್ರಾಹಕ ವಿಮಾ ಕಾಯಿದೆಯಂತೆ ಹೊಸ ಪಾಲಿಸಿಯೇ ಮುರಿದುಬೀಳಬಹುದು. ಹೊಸ ಪಾಲಿಸಿಯಲ್ಲಿ ಬದಲಿ ಕಾರಿನ ಸೌಲಭ್ಯ ಇದೆಯೇ ಎಂಬುದನ್ನೂ ಓದಿ ನೋಡಬೇಕು. ದರ ತಗ್ಗಿಸುವಾಗ ಮೊದಲು ಕತ್ತರಿ ಬೀಳುವುದು ಇಂಥ ಸೌಲಭ್ಯಕ್ಕೆ. ಇದ್ದರೂ, ಕಾರು ಕಳವಾದಾಗ ಅಥವಾ ದುರಸ್ತಿಗೆ ಮೀರಿ ಹಾಳಾದಾಗ ಅದು ಸಾಮಾನ್ಯವಾಗಿ ದೊರೆಯುವುದಿಲ್ಲ. ಅನ್ಯಾಯವಾಯಿತೆಂದು ತೋರಿದರೆ ಕಂಪೆನಿಗೆ ದೂರು ಕೊಟ್ಟು, 8 ವಾರಗಳಲ್ಲಿ ಉತ್ತರ ಬಾರದಿದ್ದರೆ, ಇಲ್ಲವೆ ಬಂದ ಕೊನೆಯ ಉತ್ತರದಿಂದ 6 ತಿಂಗಳೊಳಗೆ, ಫೈನಾನ್ಷಿಯಲ್ ಓಂಬುಡ್ಸ್‌ಮನ್ನರ ಬಳಿಗೆ ಹೋಗಬಹುದು, ಅದಕ್ಕೆ ಶುಲ್ಕವಿಲ್ಲ.

ನಮ್ಮ ದೇಶದ ಮಾತಿಗೆ ಬಂದರೆ, ಕಡ್ಡಾಯ ವಿಮೆಯು ಬ್ರಿಟನ್ನಿನಲ್ಲಿ 1930ರ ಕಾಯಿದೆಯಿಂದ ಬಂದಿತು. ನಮ್ಮಲ್ಲಿ 1939ರ ಮೋಟಾರು ವಾಹನ ಕಾಯಿದೆಯ 8ನೆಯ ಅಧ್ಯಾಯವಾಗಿ 1946ರ ಜುಲೈ 1ರಂದು ಜಾರಿಗೆ ಬಂದಿತು. ಬದಲಿ ಕಾರಿನ ಪದ್ಧತಿ ಮಾತ್ರ ಇಲ್ಲಿ ಅಷ್ಟಾಗಿ ಬೇರೂರಲಿಲ್ಲ. ಅದರ ಸ್ಥಾನದಲ್ಲಿ, ಹೆಚ್ಚಿನ ಪ್ರೀಮಿಯಂ ಕೊಟ್ಟವರಿಗೆ ಕಾರು ದುರಸ್ತಿಯಲ್ಲಿರುವಷ್ಟು ಕಾಲ, ಗೊತ್ತುಮಾಡಿದ ಮಿತಿಯೊಳಗೆ, ದಿನವೊಂದಕ್ಕೆ ಇಷ್ಟೆಂದು ಭತ್ಯೆ ಕೊಡುವ ಕ್ರಮವುಂಟು. ಮೊತ್ತ ಅಲ್ಪವೇ. ಆದರೂ ಹಣಕ್ಕೆ ವಿಮೆ ಬೇಕಿಲ್ಲ. ಅಪಘಾತದ ದಿನದ ಕಂಪೆನಿಯೇ ಅದನ್ನು ಕೊಡತಕ್ಕದ್ದು. ಟ್ಯಾಕ್ಸಿ ಹಿಡಿದು ಹೋಗುವವನು ಕಂಪೆನಿಯನ್ನು ಬದಲಾಯಿಸಿದ ಮಾತ್ರಕ್ಕೆ ಅಪರಾಧಿಯಾಗುವುದಿಲ್ಲ. 2019ರ ಸೆಪ್ಟೆಂಬರ್ 1ರಿಂದ ಸ್ವಂತ ವಾಹನದ ಹಾನಿಯ ವಿಮೆಯನ್ನು ಒಂದು ಕಂಪೆನಿಯಲ್ಲಿಯೂ ಅನ್ಯರ ಹಾನಿಯ ಕಡ್ಡಾಯ ವಿಮೆಯನ್ನು ಇನ್ನೊಂದರಲ್ಲಿಯೂ ಇರಿಸಲು ಅವಕಾಶವಾಗಿರುವುದರಿಂದ, ನಮ್ಮಲ್ಲಿಯೂ ಕಂಪೆನಿಗಳನ್ನು ಬದಲಾಯಿಸುವವರು ಹೆಚ್ಚುವುದು ಸಹಜ. ಬದಲಿ ಕಾರಿನ ಆಮಿಷವನ್ನೊಡ್ಡುವ ಪಾಲಿಸಿಗಳು ಇಲ್ಲಿ ಹಬ್ಬುವ ಮೊದಲೇ, ಆ ಕಾರಿನ ವಿಮೆಯು ದುರಸ್ತಿ ಮುಗಿಯುವ ದಿನದವರೆಗೆ ಕೊಟ್ಟ ಕಂಪೆನಿಯದೇ ಎಂಬ ಒಂದು ಸಾಲಿನ ನಿಬಂಧನೆಯನ್ನು ನಮ್ಮ ವಿಮಾ ನಿಯಂತ್ರಣ ಪ್ರಾಧಿಕಾರದವರು ವಿಧಿಸತಕ್ಕದ್ದು.