ಹುಳಿ ವೈನಿಗೊಂದು ಊಟದೆಲೆ

ಕಾಫಿ, ಅಡಿಕೆಯ ಪತ್ರಿಕೆಯಲ್ಲಿ ವೈನಿನ ಮಾತೇಕೆಂದು ಸದಸ್ಯ ಬಾಂಧವರು ಹುಬ್ಬೇರಿಸಬಹುದು. ಕುಡಿಯಿರೆಂದು ಹೇಳಲು ನಾವು ಹೊರಟಿಲ್ಲ. ನಮ್ಮಂಥದೇ ಬೆಳೆಗಾರರು ತಮ್ಮ ಮಾಲನ್ನು ಮಾರಿದ ಬಗೆಯನ್ನು ನೋಡಿರೆಂಬುದಷ್ಟೇ ವಿನಂತಿ.

ಪೋರ್ಚುಗಲ್ಲಿನ ವಾಯವ್ಯ ಮೂಲೆಯಲ್ಲಿ ಮಿನ್ಯೊ ಎಂಬ ಸೀಮೆಯಿದೆ. ಸಾಗರದ ಕಡೆಯಿಂದ ಬರುವ ಮಳೆ ಧಾರಾಳ, ಹಿಡುವಳಿಗಳು ಚಿಕ್ಕವು. ಹಿಂದೆ ಅಲ್ಲಿಯ ರೈತರು ಹೊಲದ ನಡುವೆ ಮೆಕ್ಕೆಜೋಳ ಬಿತ್ತಿ, ಅಂಚಿನ ಮರಗಳ ಮೇಲೆ ದ್ರಾಕ್ಷಿ ಬಳ್ಳಿ ಹಬ್ಬಿಸುತ್ತಿದ್ದರು. ಅಡಿಕೆಗೂ ಸಿಲ್ವರ್ ಓಕಿಗೂ ಮೆಣಸಿನ ಬಳ್ಳಿ ಹಬ್ಬಿಸಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಏಣಿ ಹತ್ತಿ ಕೊಯ್ಯುವ ಪಾಡೂ ಅದೇ. ಈಗಿನ ತೋಟಗಳಲ್ಲಿ ತಂತಿ ಎಳೆದು ತಗ್ಗಾಗಿ ಬೆಳೆಸುತ್ತಾರೆ.

ಮಳೆ, ತಂಪು ಹೆಚ್ಚಾದಲ್ಲಿ ಹಣ್ಣಿಗೆ ಸಕ್ಕರೆ ಕಡಿಮೆ, ಹುಳಿ ಹೆಚ್ಚು. ಆದ್ದರಿಂದ ಅಲ್ಲಿಯ ವೈನ್ ತೆಳು, ಹುಳಿ, ಅಮಲೂ ಸಾಮಾನ್ಯವಾಗಿ ಶೇಕಡ 9ರಿಂದ 11ರಷ್ಟೇ. ಹೆಸರು ವಿನ್ಯೊ ವೆರ್ದೆ, ಅಂದರೆ ಹಸಿರು ವೈನ್. ಬಣ್ಣಕ್ಕಲ್ಲ, ಎಳೆಯದಾಗಿಯೇ ಕುಡಿಯುವಂಥದೆಂದು ಆ ಮಾತು. ಹಿಂದೆ ಕೆಂಪು ಬಗೆಯೇ ಹೆಚ್ಚಾಗಿತ್ತು. ಇಂದು ಹೊರದೇಶಗಳಿಗೆ ಪರಿಚಯವಿರುವುದು ಬಿಳಿಯದು. ನಾಲಗೆಗೆ ಚುರುಗುಟ್ಟುವ ಗುಳ್ಳೆ ಮೊದಲು ಬಾಟಲಿಯಲ್ಲೇ ಹುಳಿತು ಹುಟ್ಟುತ್ತಿತ್ತು. ಈಗ ಬಹಳಷ್ಟು ಕಡೆ ತುಂಬುವಾಗ ಅನಿಲ ಸೇರಿಸುತ್ತಾರೆ. ಇದು ನಮಗೆ ಅಷ್ಟಾಗಿ ಹಿಡಿಸದು, ಆದರೆ ಗಿರಾಕಿ ಗುಳ್ಳೆಯನ್ನೇ ಕೇಳುತ್ತಾನೆ.

ಹುಳಿಯೆಂದರೆ ಕುಂದು ಎನ್ನುವವರಿಗೆ ಅವರ ಉತ್ತರ ಊಟದೆಲೆಯಲ್ಲಿದೆ. ಕೆಂಡದ ಮೇಲೆ ಸುಟ್ಟ, ಎಣ್ಣೆ ಜಿನುಗುವ ಸಾರ್ಡಿನ್, ಅಂದರೆ ನಮ್ಮ ಕರಾವಳಿಯ ಬೂತಾಯಿಯ ಬಳಗದ ಮೀನು. ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪು ಹಾಕಿ ಬೇಯಿಸಿದ ಮರುವಾಯಿ. ಉಪ್ಪುಹಾಕಿ ಒಣಗಿಸಿದ ಕಾಡ್ ಮೀನನ್ನು ನೀರು ಬದಲಿಸುತ್ತ ನೆನೆಸಿ, ಆಲೂಗಡ್ಡೆಯೊಡನೆ ಕಲಸಿ ಕರಿದ ಉಂಡೆ. ಇವುಗಳ ಜಿಡ್ಡನ್ನೂ ಉಪ್ಪನ್ನೂ ತಣ್ಣಗಿನ ಆ ಹುಳಿ ಕತ್ತರಿಸುತ್ತದೆ. ಕೊಡಗಿನಲ್ಲಿ ಹಂದಿ ಮಾಂಸಕ್ಕೆ ಕಾಚಂಪುಳಿ ಬಿಡುವವರಿಗೆ ಈ ಗುಟ್ಟು ಹೊಸದಲ್ಲ. ಇದೇ ವೈನನ್ನು ಸಿಹಿತಿಂಡಿಯ ಪಕ್ಕದಲ್ಲಿಟ್ಟರೆ ಬರೀ ಹುಳಿನೀರು.

ಇಷ್ಟಾದರೂ ಊಟದ ಜೊತೆಗೆ ಕಾವಲೂ ಬೇಕಾಯಿತು. ಸೀಮೆಯ ಎಲ್ಲೆಯನ್ನು 1908ರಲ್ಲಿ ಕಾನೂನಿನಿಂದ ಗುರುತಿಸಿದರು. ಹೆಸರು ಕಾಯಲು 1926ರಲ್ಲಿ ಮಂಡಳಿ ಬಂತು. ಎಲ್ಲೆಯ ಹೊರಗೆ ಬೆಳೆದದ್ದಕ್ಕೆ ಆ ಹೆಸರಿಲ್ಲ. ಉತ್ತರದ ಮೊನ್ಸಾವ್‌ನಲ್ಲಿ 1958ರಿಂದ ಬೆಳೆಗಾರರ ಸಹಕಾರಿ ಸಂಘವೇ ಹಣ್ಣು ಪಡೆದು ವೈನ್ ಮಾಡುತ್ತಿದೆ. ಅಲ್ಲಿಯ ಅಲ್ವರಿನ್ಯೊ ತಳಿಯ ವೈನ್ ತುಸು ಗಡುಸು, ಕೆಲವು ವರ್ಷ ತಡೆಯುತ್ತದೆ, ಬೆಲೆಯೂ ಮೇಲು. ಸೀಮೆಯ ಸಾಮಾನ್ಯ ಬಾಟಲಿಗಾದರೋ ಅಗ್ಗದ ಮಾಲೆಂಬ ಹಣೆಪಟ್ಟಿ ಪೂರ್ತಿ ಹೋಗಿಲ್ಲ. ಹೆಸರೊಂದರಿಂದಲೇ ಎಲ್ಲರ ಚೀಲ ತುಂಬುವುದಿಲ್ಲವೆಂಬುದನ್ನೂ ನಾವು ಮರೆಯಬಾರದು.

ನಮ್ಮ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಗಳ ಅರೇಬಿಕಾಕ್ಕೂ ಸಿರ್ಸಿಯ ಅಡಿಕೆಗೂ 2019ರಲ್ಲಿ ಭೌಗೋಳಿಕ ಸೂಚಿಕೆ ದೊರೆತಿದೆ. ಆದರೆ ಕಾಫಿಯನ್ನು ಚೀಲದಲ್ಲಿ ತೂಗಿಕೊಟ್ಟು ಮನೆಗೆ ಬರುವ ನಾವು, ನಮ್ಮ ಬೀಜದ ಕಾಫಿ ಯಾವ ತಿಂಡಿಯ ಜೊತೆ ಒಪ್ಪುತ್ತದೆಂದು ಪಟ್ಟಣದ ಗಿರಾಕಿಗೆ ಎಂದಾದರೂ ಹೇಳಿದ್ದೇವೆಯೆ? ಹಾಲಿಲ್ಲದ ಅರೇಬಿಕಾಕ್ಕೆ ಏನು, ಹಾಲು ಬೆರೆಸಿದ ರೊಬಸ್ಟಾಕ್ಕೆ ಏನು? ಕೋಡುಬಳೆಗೆ ಎರಡನೆಯದೇ ಸರಿಯೆಂಬುದು ನಮ್ಮ ಅಭಿಪ್ರಾಯ. ಒಪ್ಪದವರು ಬರುವ ಮಹಾಸಭೆಗೆ ತಮ್ಮ ಮನೆಯ ಕಾಫಿಪುಡಿ, ತಿಂಡಿ ಎರಡನ್ನೂ ತರಲಿ.