ಮರಿಗಳ ಹಾಲು ಬಿಡಿಸಲು ನಾವ್ಯಾರು?

ದಿಲ್ಲಿಗೆ ಚಳಿ ಕಾಲಿಟ್ಟಿತೆಂದರೆ ಸರಕಾರಿ ಕ್ವಾರ್ಟರ್ಸುಗಳ ಮೆಟ್ಟಿಲಡಿಯಲ್ಲಿ, ಸ್ಕೂಟರ್ ನಿಲ್ಲಿಸುವ ಮೂಲೆಗಳಲ್ಲಿ ಬೀದಿನಾಯಿಗಳು ಮರಿ ಹಾಕುವ ಕಾಲ ಬಂತೆಂದೇ ಲೆಕ್ಕ. ಅದರ ಹಿಂದೆಯೇ ನಮ್ಮ ಜನರ ಕರುಣೆಯ ಕಾಲವೂ ಬರುತ್ತದೆ. ಈ ಕರುಣೆಯ ಬಗ್ಗೆ ಎರಡು ಕಟುವಾದ ಮಾತು ಹೇಳುವುದೇ ಈ ಲೇಖನದ ಉದ್ದೇಶ. ನಾಯಿ ಕಂಡರೆ ಕಲ್ಲೆತ್ತುವವರ ವಿರುದ್ಧ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ಅವರ ಕೆಲಸವನ್ನು ನಾವು ಕಸಿದುಕೊಳ್ಳುವುದಿಲ್ಲ. ನಮ್ಮ ತಕರಾರು ಇರುವುದು ನಾಯಿಮರಿ ಕಂಡೊಡನೆ ಕರಗಿ ನೀರಾಗುವ ಸಜ್ಜನರ ಮೇಲೆ. ಅಂಥವರು ನಮ್ಮ ಸಂಘದ ಸದಸ್ಯರಲ್ಲಿಯೂ ಬಹಳ ಜನ ಇದ್ದಾರೆ. ಅವರಲ್ಲಿ ಅನೇಕರು ನಮಗೆ ಆಪ್ತರು. ಆದುದರಿಂದಲೇ ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇವೆ.

ಪ್ರತಿ ವರ್ಷ ನಡೆಯುವುದು ಹೀಗೆ. ಮರಿಗಳು ಹುಟ್ಟಿದ ಎರಡು ವಾರದೊಳಗೆ ಕಣ್ಣು ಬಿಡುತ್ತವೆ. ಮೂರನೆಯ ವಾರದಲ್ಲಿ ತಟ್ಟಾಡುತ್ತ ಹೊರಗೆ ಬರುತ್ತವೆ. ಆಗ ಮಕ್ಕಳ ಕಣ್ಣಿಗೆ ಬೀಳುತ್ತವೆ. ಮಾರನೆಯ ದಿನ ಕೆಳಗಿನ ಮನೆಯಿಂದ ಒಂದು ಬಟ್ಟಲು ಪ್ಯಾಕೆಟ್ ಹಾಲು, ಮೇಲಿನ ಮನೆಯಿಂದ ಗ್ಲೂಕೋಸ್ ಬಿಸ್ಕೀಟು, ಎದುರು ಮನೆಯಿಂದ ತುಪ್ಪ ಸವರಿದ ರೊಟ್ಟಿ. ವಾರ ಕಳೆಯುವುದರೊಳಗೆ ಮರಿಗಳಿಗೆ ಭೇದಿ ಹತ್ತುತ್ತದೆ. ಐದಿದ್ದುವು ಮೂರಾಗುತ್ತವೆ, ಮೂರಿದ್ದುವು ಎರಡಾಗುತ್ತವೆ. ‘ಪಾಪ, ಚಳಿ ತಡೆಯಲಿಲ್ಲ’ ಎಂದು ಎಲ್ಲರೂ ಮರುಗುತ್ತಾರೆ. ಚಳಿಗೆ ಬಾಯಿಲ್ಲ, ಆದ್ದರಿಂದ ಆಪಾದನೆಯನ್ನು ಹೊತ್ತುಕೊಳ್ಳುತ್ತದೆ. ಹಾಲಿನ ಬಟ್ಟಲನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ.

ನಾವು ವಿಚಾರಿಸೋಣ. ಬಿ.ಎಸ್ಸಿ. ಓದಿ ಗುಮಾಸ್ತಿಕೆ ಮಾಡುತ್ತಿರುವ ನಮಗೆ ಆ ಓದಿನ ಉಪಯೋಗ ಇಷ್ಟಾದರೂ ಆಗಲಿ. ಹಾಲೆಂದರೆ ಎಲ್ಲ ಹಾಲೂ ಒಂದೇ ಅಲ್ಲ. ಹಸುವಿನ ಹಾಲಿನಲ್ಲಿ ನೂರಕ್ಕೆ ಸುಮಾರು 4 ಪಾಲು ಕೊಬ್ಬು, 3ಕ್ಕೆ ಸ್ವಲ್ಪ ಮೇಲೆ ಪ್ರೋಟೀನು, ಸುಮಾರು 5 ಪಾಲು ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆ. ಹೆಣ್ಣುನಾಯಿಯ ಹಾಲಿನಲ್ಲಿ ಕೊಬ್ಬು ಸುಮಾರು 9, ಪ್ರೋಟೀನು 7ರಿಂದ 8, ಲ್ಯಾಕ್ಟೋಸ್ ಮಾತ್ರ 3ರಿಂದ 4. ನಾವು ಕೊಡುವುದೋ ಟೋನ್ಡ್ ಹಾಲು. ಅದರಲ್ಲಿ ಕೊಬ್ಬು 3 ಪಾಲು. ಅದಕ್ಕೂ ಒಂದಿಷ್ಟು ನೀರು ಬೆರೆಸುತ್ತೇವೆ. ತಾಯಿಯ ಹಾಲಿನಷ್ಟು ಶಕ್ತಿ ಸಿಗಬೇಕಾದರೆ ಮರಿ ಇದನ್ನು ಎರಡು ಪಟ್ಟಿಗೂ ಹೆಚ್ಚು ಕುಡಿಯಬೇಕು. ಕುಡಿದರೆ ಅಷ್ಟು ಲ್ಯಾಕ್ಟೋಸ್ ಅರಗಿಸುವ ಶಕ್ತಿ ಅದರ ಕರುಳಿಗಿಲ್ಲ. ಅರಗದ ಸಕ್ಕರೆ ಕರುಳಿಗೆ ನೀರೆಳೆಯುತ್ತದೆ, ಅದೇ ಭೇದಿ. ಒಂದು ಕಿಲೋ ತೂಗದ ಜೀವಕ್ಕೆ ಎರಡು ದಿನದ ಭೇದಿಯೆಂದರೆ ಸಣ್ಣ ಮಾತಲ್ಲ. ಇನ್ನು ಬಿಸ್ಕೀಟು: ಮೈದಾ, ಸಕ್ಕರೆ, ಎಣ್ಣೆ. ಹೊಟ್ಟೆ ತುಂಬಿದಂತೆ ಕಾಣುತ್ತದೆ, ಮೈ ತುಂಬುವುದಿಲ್ಲ.

‘ಬೀದಿನಾಯಿ ತಲೆತಲಾಂತರದಿಂದ ರೊಟ್ಟಿ, ಅನ್ನ ತಿಂದೇ ಬದುಕಿಲ್ಲವೇ?’ ಎಂದು ವಾದಿಸುವವರಿದ್ದಾರೆ. ವಾದದಲ್ಲಿ ಅರ್ಧ ಸತ್ಯವಿದೆ. ಪಿಷ್ಟವನ್ನು ಅರಗಿಸುವ ಕಿಣ್ವದ ಜೀನ್‌ಗಳು ತೋಳಕ್ಕಿಂತ ನಾಯಿಯಲ್ಲಿ ಹೆಚ್ಚಾಗಿರುವುದನ್ನು ವಿಜ್ಞಾನಿಗಳು 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ. ಮನುಷ್ಯನ ಮಗ್ಗುಲಲ್ಲಿ ಬಾಳಿದ ಫಲ ಅದು. ಆದರೆ ಬೆಳೆದ ನಾಯಿಗೆ ಸಲ್ಲುವ ಮಾತು ಇಪ್ಪತ್ತೈದು ದಿನದ ಮರಿಗೆ ಸಲ್ಲುವುದಿಲ್ಲ. ನಮ್ಮ ಮನೆಯ ಹಿರಿಯರು ಮುದ್ದೆ ನುಂಗುತ್ತಾರೆಂದು ತೊಟ್ಟಿಲ ಕೂಸಿನ ಬಾಯಿಗೆ ಮುದ್ದೆ ತುರುಕುತ್ತೇವೆಯೇ? ಕೂಸಿಗೆ ಆರು ತಿಂಗಳು ತುಂಬಬೇಕು, ಅನ್ನಪ್ರಾಶನವಾಗಬೇಕು, ಆಮೇಲೆ ರಾಗಿ ಸರಿ, ಆಮೇಲೆ ಮೆತ್ತನೆಯ ಅನ್ನ. ಅದರ ನಡುವೆಯೂ ತಾಯಿಯ ಹಾಲು ನಿಲ್ಲುವುದಿಲ್ಲ. ಇಷ್ಟೆಲ್ಲ ಬಲ್ಲ ನಾವು ಮೆಟ್ಟಿಲಡಿಗೆ ಬಗ್ಗಿದೊಡನೆ ಎಲ್ಲವನ್ನೂ ಮರೆಯುವುದು ಆಶ್ಚರ್ಯ.

ನಿಜ ಹೇಳಬೇಕೆಂದರೆ, ಮರಿಗಳ ಹಾಲು ಬಿಡಿಸುವ ಕೆಲಸಕ್ಕೆ ಒಬ್ಬ ಅಧಿಕಾರಿ ಆಗಲೇ ನೇಮಕವಾಗಿದ್ದಾಳೆ. ಅವಳೇ ತಾಯಿ. ಅವಳ ಕ್ರಮವನ್ನು ಒಂದು ವಾರ ಸುಮ್ಮನೆ ನಿಂತು ನೋಡಿದರೆ ಸಾಕು, ನಮ್ಮ ಯಾವ ಕಚೇರಿಯಲ್ಲಿಯೂ ಇಲ್ಲದ ಶಿಸ್ತು ಅಲ್ಲಿ ಕಾಣುತ್ತದೆ. ಮೊದಲ ಮೂರು ವಾರ ಹಾಲು, ಬರೀ ಹಾಲು. ಮೂರನೆಯ ವಾರ ಮರಿಗಳಿಗೆ ಹಾಲುಹಲ್ಲು ಮೊಳೆಯತೊಡಗುತ್ತವೆ. ಎಲ್ಲ ಬಂದಾಗ ಇಪ್ಪತ್ತೆಂಟು, ಸೂಜಿಯಂಥವು. ಅವು ಚುಚ್ಚಿದಾಗ ತಾಯಿ ಮಲಗಿ ಹಾಲೂಡುವುದನ್ನು ಕಡಿಮೆ ಮಾಡುತ್ತಾಳೆ. ನಿಂತು ಊಡುತ್ತಾಳೆ, ನಡುವೆ ಎದ್ದು ಹೋಗುತ್ತಾಳೆ. ಕೆಲವೊಮ್ಮೆ ಹೊರಗೆ ತಿಂದುದನ್ನು ಮರಿಗಳ ಮುಂದೆ ಕಕ್ಕುತ್ತಾಳೆ. ನೋಡಿದವರು ‘ಛೀ, ನಾಯಿಗೆ ಕಾಯಿಲೆ’ ಎಂದು ನೀರು ಸುರಿದು ತೊಳೆದುಬಿಡುತ್ತಾರೆ. ಅದು ಕಾಯಿಲೆಯಲ್ಲ, ಅರ್ಧ ಅರಗಿದ ಬಿಸಿಯೂಟ. ನಾಯಿಯ ಕುಲದಲ್ಲಿ ಅನ್ನಪ್ರಾಶನವೆಂದರೆ ಅದೇ.

ಮರಿ ಹಾಲಿಗೆ ನುಗ್ಗಿದಾಗ ತಾಯಿ ಗುರ್ ಎನ್ನುತ್ತಾಳೆ, ಮೂತಿಯಿಂದ ಕೆಡವುತ್ತಾಳೆ. ‘ಇವಳೆಂಥ ತಾಯಿ!’ ಎಂದು ನಮ್ಮವರು ಮರಿಯನ್ನೆತ್ತಿ ಒಳಗೆ ಒಯ್ಯುವುದು ಹೆಚ್ಚಾಗಿ ಈ ಗಳಿಗೆಯಲ್ಲಿಯೇ. ಕೋಲ್ಕತ್ತದ ಐಸರ್ ಸಂಸ್ಥೆಯ ಮಾನಬಿ ಪಾಲ್ ಮತ್ತು ಅನಿಂದಿತಾ ಭದ್ರ ಅವರು ಬೀದಿನಾಯಿಗಳ ಈ ಜಗಳವನ್ನೇ ಅಧ್ಯಯನ ಮಾಡಿ ಬರೆದಿದ್ದಾರೆ. ಅವರ ಪ್ರಕಾರ ಏಳನೆಯ ವಾರಕ್ಕೆ ಮುಂಚೆ ತಾಯಿ ಹಾಲು ನಿರಾಕರಿಸುವುದು ಅಪರೂಪ. ಏಳರಿಂದ ಹದಿಮೂರನೆಯ ವಾರದವರೆಗೆ ತಾಯಿಗೂ ಮರಿಗಳಿಗೂ ಹಗ್ಗಜಗ್ಗಾಟ. ಆಮೇಲೆ ಮರಿಗಳು ಕೇಳುವುದನ್ನೇ ನಿಲ್ಲಿಸುತ್ತವೆ. ಓದುಗರು ಗಮನಿಸಬೇಕು: ಕಸದ ತೊಟ್ಟಿಯಲ್ಲಿ ಹೊಟ್ಟೆ ಹೊರೆಯುವ ತಾಯಿ ಮೂರು ತಿಂಗಳ ತನಕ ಈ ಕೆಲಸಕ್ಕೆ ಸಮಯ ಕೊಡುತ್ತಾಳೆ. ನಾವು ನಾಲ್ಕನೆಯ ವಾರದಲ್ಲಿ, ಒಂದು ಬಟ್ಟಲಿನಿಂದ, ಒಂದೇ ಮಧ್ಯಾಹ್ನ ಮುಗಿಸಿಬಿಡುತ್ತೇವೆ.

ಅದೇ ಸಂಸ್ಥೆಯವರು ಪಶ್ಚಿಮ ಬಂಗಾಳದಲ್ಲಿ ಐದು ವರ್ಷ ಲೆಕ್ಕವಿಟ್ಟು 2016ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನವಿದೆ. 95 ಸೂಲುಗಳ 364 ಮರಿಗಳಲ್ಲಿ ಪ್ರಾಯಕ್ಕೆ ಬಂದುವು ನೂರಕ್ಕೆ 19 ಮಾತ್ರ. ಸಾವುಗಳಲ್ಲಿ ನೂರಕ್ಕೆ 63ರಲ್ಲಿ ಮನುಷ್ಯನ ಕೈವಾಡವಿತ್ತು. ಈ ಕೈಯೆಂದರೆ ಕಲ್ಲೆಸೆಯುವ ಕೈ, ಗಾಡಿ ಓಡಿಸುವ ಕೈ ಮಾತ್ರವೆಂದು ನಾವು ಸಮಾಧಾನಪಟ್ಟುಕೊಳ್ಳುವಂತಿಲ್ಲ. ತಾಯಿಯಿಂದ ಮರಿಯನ್ನು ಎತ್ತಿ ಒಯ್ಯುವ ಕೈಯೂ ಕೈಯೇ.

ಇನ್ನು ದುಡ್ಡು ಕೊಟ್ಟು ಎತ್ತಿ ತರುವವರ ಕಥೆ. ನಮ್ಮ ಪರಿಚಯದ ಒಂದು ಕುಟುಂಬ ಮಗನ ಹುಟ್ಟುಹಬ್ಬಕ್ಕೆ ಒಂದು ಅಂಗಡಿಯಿಂದ ಜಾತಿಮರಿ ತಂದಿತು. ‘ನಲವತ್ತೈದು ದಿನ ಆಗಿದೆ, ಎಲ್ಲ ತಿನ್ನುತ್ತದೆ’ ಎಂದು ಅಂಗಡಿಯವನ ಭರವಸೆ. ಬಾಯಿ ತೆರೆಸಿ ನೋಡಿದ ಪಶುವೈದ್ಯರು ತಿಂಗಳೂ ತುಂಬಿಲ್ಲ ಎಂದರು. ಐದನೆಯ ದಿನ ಮರಿ ಇರಲಿಲ್ಲ. ಹುಡುಗ ಎರಡು ದಿನ ಶಾಲೆಗೆ ಹೋಗಲಿಲ್ಲ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲವೆಂದು ಕೇಂದ್ರ ಸರಕಾರ 2017ರಲ್ಲಿಯೇ ನಾಯಿ ತಳಿ ಸಾಕಣೆ ಮತ್ತು ಮಾರಾಟದ ನಿಯಮ ಮಾಡಿದೆ. ಆದರೆ ನಿಯಮ ಮಾಡುವ ಕಚೇರಿಯಲ್ಲೇ ಬದುಕು ಸವೆಸುವ ನಾವು ಒಂದು ಮಾತು ಹೇಳಬಲ್ಲೆವು: ಕೇಳುವವನಿಲ್ಲದ ನಿಯಮ ಕಡತದಲ್ಲಿಯೇ ಮುದಿಯಾಗುತ್ತದೆ. ಇಲ್ಲಿ ಕೇಳಬೇಕಾದವನು ಕೊಳ್ಳುವವನು. ಅವನೇ ‘ಚಿಕ್ಕದಾದಷ್ಟೂ ಮುದ್ದು’ ಎಂದರೆ ಅಂಗಡಿಯವನು ಚಿಕ್ಕದನ್ನೇ ಮಾರುತ್ತಾನೆ.

‘ಚಿಕ್ಕಂದಿನಲ್ಲೇ ತಂದರೆ ನಮ್ಮನ್ನು ಹಚ್ಚಿಕೊಳ್ಳುತ್ತದೆ’ ಎಂಬುದು ಇವರ ಕೊನೆಯ ಸಮರ್ಥನೆ. ಇದೂ ನಿಲ್ಲುವುದಿಲ್ಲ. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು 1965ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮರಿ ಇತರರೊಡನೆ ಬಾಳಲು ಕಲಿಯುವ ಅವಧಿ ಮೂರರಿಂದ ಹನ್ನೆರಡನೆಯ ವಾರದವರೆಗೆ ಎಂದು ತೋರಿಸಿದರು. ಎಂಟು ವಾರಕ್ಕೆ ಮನೆಗೆ ತಂದರೂ ಹಚ್ಚಿಕೊಳ್ಳಲು ನಾಲ್ಕು ವಾರ ಉಳಿದಿರುತ್ತವೆ. ಆದರೆ ಹಲ್ಲನ್ನು ಎಷ್ಟು ಒತ್ತಿದರೆ ನೋವಾಗುತ್ತದೆ ಎಂಬುದನ್ನು ಮರಿ ಕಲಿಯುವುದು ಒಡಹುಟ್ಟಿದವರ ಕಿವಿ ಕಚ್ಚಿ, ತಾಯಿಯಿಂದ ಗದರಿಸಿಕೊಂಡು. ಆ ಪಾಠ ತಪ್ಪಿಸಿದವರೇ ಮುಂದೆ ‘ನಮ್ಮ ನಾಯಿ ಮಕ್ಕಳನ್ನು ಕಚ್ಚುತ್ತದೆ’ ಎಂದು ಬೀದಿಗೆ ಬಿಡುತ್ತಾರೆ.

ಹಾಗಾದರೆ ನಾವು ಮಾಡುವುದೇನೂ ಇಲ್ಲವೇ? ಇದೆ. ಮೊದಲನೆಯದು, ಮರಿಗಳನ್ನು ಬಿಟ್ಟು ತಾಯಿಗೆ ಊಟ ಹಾಕುವುದು. ಬಾಣಂತನವನ್ನು ನಮ್ಮ ಮನೆಯ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೂಸು ಸೊರಗಿದರೆ ತಾಯಿಯ ತಟ್ಟೆ ನೋಡುವವರು ಅವರು. ಹಾಲೂಡುವ ನಾಯಿಗೆ ಉಳಿದ ದಿನಗಳಿಗಿಂತ ಎರಡು ಮೂರು ಪಟ್ಟು ಊಟ ಬೇಕು. ಅನ್ನಕ್ಕೆ ಬೇಯಿಸಿದ ಮೊಟ್ಟೆಯನ್ನೋ ಕೋಳಿಯನ್ನೋ ಕಲಸಿ ಹಾಕಿ. ಸಸ್ಯಾಹಾರಿಗಳು ಪನೀರು ಕಲಸಲಿ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟು ನಾಯಿಗೆ ವಿಷ. ಬೇಯಿಸಿದ ಕೋಳಿಮೂಳೆ ಸೀಳಿ ಗಂಟಲು, ಕರುಳಿಗೆ ಚುಚ್ಚುತ್ತದೆ. ಪಕ್ಕದಲ್ಲಿ ನೀರಿರಲಿ. ತಾಯಿ ಎದ್ದು ಹೋದಳೆಂದು ಮರಿಗಳು ಅನಾಥವಾದುವೆಂದು ತಿಳಿಯಬೇಡಿ. ಅವಳು ಹೊಟ್ಟೆಪಾಡಿಗೆ ಹೋಗಿದ್ದಾಳೆ, ಬರುತ್ತಾಳೆ.

ಎರಡನೆಯದು, ತಾಯಿ ಸತ್ತೋ ಸೊರಗಿಯೋ ನಾವೇ ಮರಿಗಳ ಹಾಲು ಬಿಡಿಸಬೇಕಾಗಿ ಬಂದರೆ ಅವಳ ನಿಧಾನವನ್ನು ಅನುಸರಿಸುವುದು. ಮೂರು ವಾರದೊಳಗಿನ ಮರಿಯಾದರೆ ಪಶುವೈದ್ಯರನ್ನು ಕೇಳಿ ಮರಿಗಳಿಗೆಂದೇ ಮಾಡಿದ ಹಾಲಿನ ಪುಡಿ ತರಬೇಕು. ನಾಲ್ಕನೆಯ ವಾರದಿಂದ ಅಂಚು ತಗ್ಗಾದ ತಟ್ಟೆಯಲ್ಲಿ ತೆಳ್ಳನೆಯ ಉಗುರುಬೆಚ್ಚಗಿನ ಗಂಜಿ. ಮರಿಗಳ ಆಹಾರವೆಂದು ಅಂಗಡಿಯಲ್ಲಿ ಸಿಗುವುದನ್ನು ಬಿಸಿನೀರಿನಲ್ಲಿ ನೆನೆಸಿ ಕಿವುಚಿದರೆ ಎಲ್ಲಕ್ಕಿಂತ ಒಳ್ಳೆಯದು. ಇಲ್ಲವಾದರೆ ನುಣ್ಣಗೆ ಬೆಂದ ಅನ್ನಕ್ಕೆ ಮೊಟ್ಟೆ, ಅರೆದ ಕೋಳಿ. ಉಪ್ಪು, ಮಸಾಲೆ ಬೇಡ. ಬರೀ ಮಾಂಸವೂ ಬೇಡ. ಅದರಲ್ಲಿ ಸುಣ್ಣದಂಶ ಸಾಲದೆ ಕಾಲು ಬಾಗುತ್ತವೆ. ಮೂತಿ ಹಿಡಿದು ಗಂಜಿಗೆ ಅದ್ದಬೇಡಿ, ಶ್ವಾಸಕೋಶಕ್ಕೆ ಹೋದರೆ ಮರಿ ಹೋಯಿತೆಂದೇ ತಿಳಿಯಿರಿ. ಬೆರಳಿಗೆ ಸವರಿ ನೆಕ್ಕಿಸಿ. ತಟ್ಟೆಯೊಳಗೇ ನಡೆದಾಡಿ ಮೈಯೆಲ್ಲ ಮೆತ್ತಿಕೊಳ್ಳಲಿ, ಮೂರನೆಯ ದಿನಕ್ಕೆ ಕಲಿಯುತ್ತವೆ. ದಿನಕ್ಕೆ ನಾಲ್ಕು ಸಲ, ಸ್ವಲ್ಪ ಸ್ವಲ್ಪ. ವಾರ ವಾರಕ್ಕೆ ನೀರು ಕಡಿಮೆ ಮಾಡುತ್ತ ಹೋದರೆ ಏಳೆಂಟನೆಯ ವಾರಕ್ಕೆ ಗಟ್ಟಿ ಊಟಕ್ಕೆ ಬರುತ್ತವೆ.

ಮೂರನೆಯದು ಜಂತುಹುಳು. ದುಂಡುಹುಳು ತಾಯಿಯ ಗರ್ಭದಲ್ಲೇ ಮರಿಗೆ ದಾಟುತ್ತದೆ, ಹಾಲಿನಲ್ಲೂ ಬರುತ್ತದೆ. ನಾವು ‘ಹೊಟ್ಟೆ ತುಂಬ ತಿಂದಿದೆ’ ಎಂದು ಮೆಚ್ಚುವ ಡೊಳ್ಳು ಹೊಟ್ಟೆಯಲ್ಲಿ ಬಹಳ ಸಲ ಇರುವುದು ಹುಳು. ಎರಡನೆಯ ವಾರದಿಂದಲೇ ಎರಡು ವಾರಕ್ಕೊಮ್ಮೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಔಷಧ ಬೀಳಬೇಕು. ಇದರ ಮೊಟ್ಟೆ ಮಣ್ಣಿನ ಮೂಲಕ ಆಡುವ ಮಕ್ಕಳ ಬಾಯಿಗೆ ಹೋಗಿ ಕಣ್ಣಿಗೂ ಅಪಾಯ ತರಬಲ್ಲದು. ಆದ್ದರಿಂದ ನಾಯಿಯ ಮೇಲೆ ಪ್ರೀತಿ ಇಲ್ಲದವರೂ ಈ ಔಷಧದ ಖರ್ಚಿಗೆ ವಂತಿಗೆ ಕೊಡಬೇಕು. ಆರರಿಂದ ಎಂಟನೆಯ ವಾರದಲ್ಲಿ ಪಾರ್ವೊ ಮೊದಲಾದ ರೋಗಗಳ ಲಸಿಕೆ ಆರಂಭವಾಗಬೇಕು, ಮೂರು ತಿಂಗಳಿಗೆ ರೇಬಿಸ್ ಲಸಿಕೆ ಆಗಲೇಬೇಕು. ಮರಿಗಳು ಹಾಲು ಬಿಟ್ಟ ಮೇಲೆ ತಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ. ಇದನ್ನು ಮಾಡಿಸದೆ ಬಿಟ್ಟವರ ಕರುಣೆ ಮುಂದಿನ ಚಳಿಗೆ ಇನ್ನೊಂದು ಸೂಲನ್ನು ಅದೇ ಮೆಟ್ಟಿಲಡಿಗೆ ಕರೆತರುತ್ತದೆ.

2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ದಿಲ್ಲಿ ಮತ್ತು ಸುತ್ತಲಿನ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯಗಳಲ್ಲಿಡಬೇಕೆಂದಿತು. ಅದೇ 22ರಂದು ಆದೇಶವನ್ನು ಬದಲಿಸಿ, ರೇಬಿಸ್ ತಗುಲಿದವು, ಆಕ್ರಮಣ ಸ್ವಭಾವದವುಗಳ ಹೊರತು ಉಳಿದವನ್ನು ಶಸ್ತ್ರಚಿಕಿತ್ಸೆ, ಲಸಿಕೆ, ಜಂತುಹುಳುವಿನ ಔಷಧದ ನಂತರ ಹಿಡಿದಲ್ಲಿಗೇ ಬಿಡಬೇಕು, ಊಟ ಹಾಕಲು ವಾರ್ಡುವಾರು ಜಾಗ ಗೊತ್ತುಮಾಡಬೇಕು ಎಂದಿತು. ಆ ಹನ್ನೊಂದು ದಿನ ನಮ್ಮ ಕಾಲೋನಿಗಳಲ್ಲಿ ನಾಯಿ ಪಕ್ಷ, ವಿರೋಧ ಪಕ್ಷಗಳ ನಡುವೆ ನಡೆದ ವಾಗ್ಯುದ್ಧ ಎಲ್ಲರಿಗೂ ನೆನಪಿದೆ. ಆ ಉತ್ಸಾಹದಲ್ಲಿ ಒಂದಾಣೆಯಷ್ಟನ್ನು ಎರಡು ಪಕ್ಷದವರೂ ಮೆಟ್ಟಿಲಡಿಯ ಒಂದು ಸೂಲಿಗೆ ಖರ್ಚು ಮಾಡಿದ್ದರೆ ಜಗಳದ ಅರ್ಧ ಕಾರಣವೇ ಇರುತ್ತಿರಲಿಲ್ಲ.

ಸಂಘದ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೇ. ಈ ಚಳಿಗೆ ನಿಮ್ಮ ಬ್ಲಾಕಿನಲ್ಲಿ ನಾಯಿ ಮರಿ ಹಾಕಿದರೆ ನಾಲ್ಕು ಮನೆಯವರು ಸೇರಿ ಒಬ್ಬರನ್ನು ಹೊಣೆಗಾರರನ್ನಾಗಿ ಮಾಡಿ. ತಾಯಿಗೆ ಊಟ, ಮರಿಗೆ ಔಷಧ, ಎಂಟು ವಾರದ ತನಕ ಯಾರ ಕೈಗೂ ಮರಿ ಇಲ್ಲ, ಕೊನೆಗೆ ತಾಯಿಗೆ ಶಸ್ತ್ರಚಿಕಿತ್ಸೆ. ಇಷ್ಟನ್ನು ಮಾಡಲು ಬಿಡುವಿಲ್ಲದವರು ದಯವಿಟ್ಟು ಹಾಲಿನ ಬಟ್ಟಲನ್ನು ಮನೆಯೊಳಗೇ ಇಟ್ಟುಕೊಳ್ಳಲಿ. ಆ ಹಾಲಿನಲ್ಲಿ ಕಾಫಿ ಮಾಡಿ ಕುಡಿದರೆ ಮರಿಗಳಿಗೂ ಕ್ಷೇಮ, ಅವರಿಗೂ ಕ್ಷೇಮ.